ಗೇರುಸೊಪ್ಪೆಯ ಹೆಸರು ಹೊತ್ತ ಹಡಗು

ಹಡಗು ದುರಂತ ಎಂದ ಕೂಡಲೇ ನಮ್ಮ ಕಡೆಯ ಹುಡುಗರ ಬಾಯಲ್ಲಿ ಬರುವುದು ಒಂದೇ ಹೆಸರು, ಟೈಟಾನಿಕ್. ಸಮುದ್ರದ ಗಾಳಿಯೂ ಸುಳಿಯದ ಊರು ನಮ್ಮ ಕುಬಟೂರು. ಆನವಟ್ಟಿಯಲ್ಲಿ ಬಸ್ಸು ಹಿಡಿದು ಸೊರಬ, ಸಾಗರ ದಾಟಿ ಜೋಗಕ್ಕೆ ಹೋದರೆ ನೀರು ಬೀಳುವುದನ್ನು ಕಾಣಬಹುದು. ಕಡಲು ಕಾಣಬೇಕಾದರೆ ಅಲ್ಲಿಂದಲೂ ಮುಂದೆ ಘಟ್ಟ ಇಳಿಯಬೇಕು. ಆದರೂ 1997ರಲ್ಲಿ ತೆರೆಗೆ ಬಂದ ಆ ಸಿನಿಮಾದಿಂದಾಗಿ ಟೈಟಾನಿಕ್ ನಮ್ಮೂರ ಕೆರೆಯಲ್ಲೇ ಮುಳುಗಿತೇನೋ ಎಂಬಷ್ಟು ಎಲ್ಲರಿಗೂ ಪರಿಚಿತವಾಗಿದೆ. ನಾಯಕಿ ಹಲಗೆಯ ಮೇಲೆ, ನಾಯಕ ತಣ್ಣೀರಿನಲ್ಲಿ. ಇಷ್ಟು ಎಲ್ಲರಿಗೂ ಗೊತ್ತು.

ಆ ಕತೆಯ ಲೆಕ್ಕಾಚಾರ ಮಾತ್ರ ಅಷ್ಟಾಗಿ ಗೊತ್ತಿಲ್ಲ. 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಟೈಟಾನಿಕ್ ಮಂಜಿನ ಬೆಟ್ಟಕ್ಕೆ ತಾಗಿತು. ಎರಡು ಗಂಟೆ ನಲವತ್ತು ನಿಮಿಷಗಳಲ್ಲಿ ಮುಳುಗಿತು. ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು ಜನ. ರಕ್ಷಣಾ ದೋಣಿಗಳಲ್ಲಿದ್ದ ಜಾಗ 1,178 ಜನಕ್ಕೆ. ಇದರಲ್ಲಿ ಕಾನೂನಿನ ಉಲ್ಲಂಘನೆಯೇನೂ ಇರಲಿಲ್ಲ ಎಂಬುದೇ ಸೋಜಿಗ. ಎಷ್ಟು ದೋಣಿ ಇರಬೇಕೆಂಬುದನ್ನು ಅಂದಿನ ಬ್ರಿಟಿಷ್ ನಿಯಮ ನಿರ್ಧರಿಸುತ್ತಿದ್ದುದು ಹಡಗಿನ ಗಾತ್ರ ನೋಡಿ, ಜನರ ತಲೆ ಎಣಿಸಿ ಅಲ್ಲ. ಸುಮಾರು 1,500 ಜನ ಸತ್ತರು. ಮೂರನೆಯ ದರ್ಜೆಯ ಪ್ರಯಾಣಿಕರಲ್ಲಿ ನಾಲ್ವರಿಗೆ ಮೂವರು ಸತ್ತರೆ, ಮೊದಲ ದರ್ಜೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿದರು. ಹಡಗು ಮುಳುಗಿದ ಗಳಿಗೆಯಿಂದಲೇ ಸಿಬ್ಬಂದಿಯ ಸಂಬಳವೂ ನಿಂತಿತು! ಆದರೆ ಸತ್ತವರಲ್ಲಿ ಕೋಟ್ಯಧೀಶರಿದ್ದರು. ಹಾಗಾಗಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ವಿಚಾರಣೆಗಳು ನಡೆದವು, ನಿಯಮಗಳು ಬದಲಾದವು. ಸತ್ತವರ ಹೆಸರು, ವಯಸ್ಸು, ಊರುಗಳನ್ನು ಸಂಶೋಧಕರು ಇಂದಿಗೂ ಕೆದಕುತ್ತಲೇ ಇದ್ದಾರೆ.

ನಾವು ಇಲ್ಲಿ ಹೇಳಹೊರಟಿರುವುದು ಬೇರೆ ಹಡಗಿನ ಕತೆ. ಟೈಟಾನಿಕ್‌ನಂತೆ ಪ್ರಯಾಣಿಕರ ವೈಭವದ ಹಡಗಲ್ಲ, ಸರಕಿನ ಹಡಗು. ಟೈಟಾನಿಕ್ ಮುಳುಗಿದ ಅದೇ ಅಟ್ಲಾಂಟಿಕ್‌ನಲ್ಲಿ, ಅದಕ್ಕಿಂತ ಆಳಕ್ಕೆ ಇಳಿದು ಕುಳಿತದ್ದು. ಅದರ ಹೆಸರು ನಮ್ಮ ಪಕ್ಕದ ಗೇರುಸೊಪ್ಪೆ.

ಜೋಗವನ್ನು ಆಂಗ್ಲರು ಗೇರುಸೊಪ್ಪೆ ಜಲಪಾತ ಎಂದೇ ಕರೆಯುತ್ತಿದ್ದರು. ಊರು ಇರುವುದು ಜಲಪಾತದಿಂದ ಕೆಳಗೆ, ಶರಾವತಿಯ ದಂಡೆಯಲ್ಲಿ, ಹೊನ್ನಾವರ ತಾಲೂಕಿನಲ್ಲಿ. ಹದಿನಾರನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಅಲ್ಲಿ ಆಳುತ್ತಿದ್ದಾಗ ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಹೊಳೆಯಲ್ಲಿ ಇಳಿದು ಕಡಲು ಸೇರುತ್ತಿತ್ತು. ಅದಕ್ಕೂ ಎರಡು ಶತಮಾನ ಹಿಂದೆ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವೆಂದು ಬರೆದಿಟ್ಟಿದ್ದಾನೆ. (ಹೆಣ್ಣುಮಕ್ಕಳ ಶಾಲೆಯ ಮಾತು ಬಂದಾಗಲೆಲ್ಲ ನಮಗೆ ಇದು ನೆನಪಾಗುತ್ತದೆ.) ಹೀಗೆ ಗೇರುಸೊಪ್ಪೆಯ ಹೆಸರಿಗೆ ಕಡಲಿನ ನಂಟು ಹೊಸದಲ್ಲ.

ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ತನ್ನ ಹಡಗುಗಳಿಗೆ ಇಲ್ಲಿನ ಊರು, ಹೊಳೆಗಳ ಹೆಸರಿಡುತ್ತಿತ್ತು. ಇಂಗ್ಲೆಂಡಿನ ಜಾರೋ ಎಂಬಲ್ಲಿ 1919ರಲ್ಲಿ ಕಟ್ಟಿ ಮುಗಿಸಿದ ಒಂದು ಹಡಗಿಗೆ ಅವರು ಇಟ್ಟ ಹೆಸರು ‘ಗೈರ್ಸೊಪ್ಪಾ’. ಐದು ಸಾವಿರ ಟನ್ನಿಗೆ ಮಿಕ್ಕಿದ ಆ ಉಗಿಹಡಗು ಇಪ್ಪತ್ತು ವರ್ಷ ಸರಕು ಹೊತ್ತು ಓಡಾಡಿತು. ಆಮೇಲೆ ಯುದ್ಧ ಬಂತು.

ಮುಂದಕ್ಕೆ ಹೋಗುವ ಮುನ್ನ ಹಡಗಿನ ಒಳಗಿದ್ದವರನ್ನು ನೋಡೋಣ. ಬ್ರಿಟಿಷರ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ನಾವಿಕರಿಗೆ ಲಸ್ಕರ್ ಎಂಬ ಹೆಸರಿತ್ತು. ಉರ್ದು ಬಲ್ಲವರಿಗೆ ಈ ಮಾತಿನ ಮೂಲ ತಿಳಿಯುತ್ತದೆ. ಲಷ್ಕರ್ ಎಂದರೆ ಸೈನ್ಯ. ದಂಡಿಗೆ ಸಲ್ಲುವ ಗೌರವದ ಮಾತು ಬಿಳಿಯರ ಬಾಯಲ್ಲಿ ಹೊರಳಿ, ಕಡಿಮೆ ಕೂಲಿಯ ಆಳಿಗೆ ಹೆಸರಾಯಿತು. ಅವರ ಮೇಲಿನ ಮೇಸ್ತ್ರಿ ಸೆರಾಂಗ್. ಅವನ ಕೈಕೆಳಗೆ ತಿಂಡಾಲ್, ಅಂದರೆ ನಮ್ಮ ಕರಾವಳಿಯ ತಾಂಡೇಲ. ಅಡಿಗೆಯವನು ಭಂಡಾರಿ, ಉಳಿದವರು ಖಲಾಸಿಗಳು. ಮೇಲ್ದಟ್ಟಿನ ಕೆಲಸಕ್ಕೆ ರತ್ನಾಗಿರಿ, ಕಾಠಿಯಾವಾಡ, ನೊವಾಖಾಲಿ, ಚಿತ್ತಗಾಂಗ್ ಕಡೆಯವರು. ಎಂಜಿನ್ ಕೋಣೆಯ ಬೆಂಕಿಯ ಮುಂದೆ ಸಿಲ್ಹೆಟ್ ಮತ್ತು ಪಂಜಾಬಿನವರು. ಬಿಳಿಯ ಅಧಿಕಾರಿಗಳಿಗೆ ಊಟ ಬಡಿಸಲು ಗೋವೆಯ ಕ್ರೈಸ್ತರು. ಬಹುಪಾಲು ಲಸ್ಕರರು ಮುಸ್ಲಿಮರು. ಯುದ್ಧ ಶುರುವಾದಾಗ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿದ್ದ ನಾಲ್ವರು ನಾವಿಕರಲ್ಲಿ ಒಬ್ಬ ನಮ್ಮ ನಾಡಿನವನು.

ಅದೇ ಹಡಗು, ಅದೇ ಅಲೆ. ಸಂಬಳ ಮಾತ್ರ ಬಿಳಿಯ ನಾವಿಕನ ನಾಲ್ಕನೆಯ ಒಂದು ಪಾಲೂ ಇರಲಿಲ್ಲ. ಮಲಗುವುದಕ್ಕೆ ಕೊಡುವ ಜಾಗವೂ ಕಡಿಮೆ. 1939ರಲ್ಲಿ ಯುದ್ಧ ಘೋಷಣೆಯಾದಾಗ ಈ ಬಡಪಾಯಿಗಳು ಕೇಳಿದ್ದು ಬಹಳ ಸರಳವಾದ ಪ್ರಶ್ನೆ. ಟಾರ್ಪಿಡೊ ಬಂದರೆ ಬಿಳಿಯನೂ ಸಾಯುತ್ತಾನೆ, ನಾವೂ ಸಾಯುತ್ತೇವೆ, ಹಾಗಿರುವಾಗ ಕೂಲಿಯಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಬ್ರಿಟನ್ನಿನ ಬಂದರುಗಳಲ್ಲಿ ಅವರು ಹಡಗು ಹತ್ತಲು ನಿರಾಕರಿಸಿದರು. ನೂರಾರು ಜನರನ್ನು ಜೈಲಿಗೆ ಹಾಕಲಾಯಿತು. ಕಲ್ಕತ್ತೆಯ ನಾವಿಕರ ನಾಯಕ ಆಫ್ತಾಬ್ ಅಲಿ ಅವರ ಪರವಾಗಿ ಹೋರಾಡಿದರು. ಕೊನೆಗೆ ಕೂಲಿ ಹೆಚ್ಚಿತು. ಹೆಚ್ಚಿದ ಮೇಲೂ ಬಿಳಿಯರದಕ್ಕಿಂತ ಎಷ್ಟೋ ಕೆಳಗೇ ಉಳಿಯಿತು.

ಗೈರ್ಸೊಪ್ಪಾ ಕಲ್ಕತ್ತೆ ಬಿಟ್ಟದ್ದು 1940ರ ಡಿಸೆಂಬರಿನಲ್ಲಿ. ಸುಮಾರು 2,600 ಟನ್ ಬೀಡು ಕಬ್ಬಿಣ, 1,700 ಟನ್ನಿಗೂ ಹೆಚ್ಚು ಚಹಾ, ಇತರ ಸರಕು, ಅಂಚೆಯ ಚೀಲಗಳು. ಇವುಗಳ ಜೊತೆಗೆ ಬೆಳ್ಳಿ, ಸುಮಾರು 200 ಟನ್. ಆಫ್ರಿಕಾವನ್ನು ಸುತ್ತುಹಾಕಿ ಫ್ರೀಟೌನಿಗೆ ಬಂದು, 1941ರ ಜನವರಿ 30ರಂದು ಎಸ್ಎಲ್ 64 ಎಂಬ ಹಡಗುಗಳ ಸಾಲಿನಲ್ಲಿ ಬ್ರಿಟನ್ನಿನತ್ತ ಹೊರಟಿತು. ಜರ್ಮನರ ಜಲಾಂತರ್ಗಾಮಿಗಳ ಕಾಟದಿಂದ ಒಂಟಿ ಹಡಗು ಹೋಗುವಂತಿರಲಿಲ್ಲ. ಎಲ್ಲವೂ ಗುಂಪಾಗಿ, ಜಾತ್ರೆಗೆ ಹೊರಟ ಗಾಡಿಗಳಂತೆ, ನಿಧಾನದ ಗಾಡಿಗೆ ಹೊಂದಿಕೊಂಡು ಸಾಗಬೇಕಿತ್ತು.

ಬಿರುಗಾಳಿ ಎದ್ದಿತು. ಭಾರದ ಹಡಗು ಅಲೆಗೆ ಎದುರಾಗಿ ಏದುಸಿರು ಬಿಡುತ್ತ ಸಾಗಿದಂತೆ ಕಲ್ಲಿದ್ದಲು ಲೆಕ್ಕಕ್ಕಿಂತ ಬೇಗ ಕರಗಿತು. ಹೀಗೇ ಹೋದರೆ ಬ್ರಿಟನ್ ಮುಟ್ಟುವಷ್ಟು ಇದ್ದಲು ಉಳಿಯುವುದಿಲ್ಲ ಎಂಬುದು ಕ್ಯಾಪ್ಟನ್ ಜೆರಾಲ್ಡ್ ಹೈಲ್ಯಾಂಡ್‌ಗೆ ಖಚಿತವಾಯಿತು. ಫೆಬ್ರವರಿ 14ರಂದು ಗೈರ್ಸೊಪ್ಪಾ ಗುಂಪನ್ನು ಬಿಟ್ಟು, ಇದ್ದಲು ತುಂಬಿಸಿಕೊಳ್ಳಲು ಐರ್ಲೆಂಡಿನ ಗಾಲ್ವೇ ಬಂದರಿನತ್ತ ಒಂಟಿಯಾಗಿ ತಿರುಗಿತು.

ಈ ದುರಂತಕ್ಕೆ ಕಾರಣ ಟಾರ್ಪಿಡೊ ಎಂದು ದಾಖಲೆಗಳು ಹೇಳುತ್ತವೆ. ಅದು ನಿಜವೇ. ಆದರೆ ಅದಕ್ಕೂ ಮೊದಲಿನ ಕಾರಣ ಇದ್ದಲು. ಇನ್ನೂರು ಟನ್ ಬೆಳ್ಳಿ ಹೊತ್ತ ಹಡಗು ಕಲ್ಲಿದ್ದಲಿನ ಕೊರತೆಯಿಂದ ಸತ್ತಿತು. ಕೋಣೆಯ ಕಾವಿನಲ್ಲಿ ಹಗಲಿರುಳು ಆ ಇದ್ದಲನ್ನು ಸಲಿಕೆಯಲ್ಲಿ ಬಾಚಿ ಬೆಂಕಿಗೆ ಹಾಕುತ್ತಿದ್ದವರಿಗೆ, ರಾಶಿ ಇಳಿಯುತ್ತಿರುವುದು ಕ್ಯಾಪ್ಟನ್ನನಿಗಿಂತ ಮೊದಲೇ ಕಂಡಿರಬೇಕು ಎಂದು ನಮಗೆ ಅನ್ನಿಸುತ್ತದೆ.

ಫೆಬ್ರವರಿ 16ರಂದು ಜರ್ಮನರ ವಿಮಾನವೊಂದು ಹಡಗಿನ ಮೇಲೆ ಸುತ್ತು ಹಾಕಿ ಹೋಯಿತು. ಆ ರಾತ್ರಿ ಅರ್ನ್ಸ್ಟ್ ಮೆಂಗರ್ಸನ್ ಎಂಬ ನಾಯಕನ ಯು-101 ಜಲಾಂತರ್ಗಾಮಿ ಹಡಗನ್ನು ಹಿಡಿಯಿತು. ಟಾರ್ಪಿಡೊ ಬಡಿದ ರಭಸಕ್ಕೆ ಮುಂದಿನ ಕಂಬ ಮುರಿದು ಬಿತ್ತು, ಅದರೊಂದಿಗೆ ವೈರ್‌ಲೆಸ್ ತಂತಿಯೂ ಕಡಿಯಿತು. ಟೈಟಾನಿಕ್ ಮುಳುಗುವಾಗ ಗಂಟೆಗಟ್ಟಲೆ ಸಂದೇಶ ಕಳಿಸಿತ್ತು, ಅದನ್ನು ಕೇಳಿಯೇ ಇನ್ನೊಂದು ಹಡಗು ಓಡಿ ಬಂದಿತ್ತು. ಗೈರ್ಸೊಪ್ಪಾದ ಕೂಗು ಯಾರಿಗೂ ಕೇಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಹಡಗು ಮುಳುಗಿತು. ಗಾಲ್ವೇ ಬಂದರು ಇನ್ನೂ 300 ಮೈಲಿ ದೂರದಲ್ಲಿತ್ತು.

ನೀರಿಗಿಳಿದ ದೋಣಿಗಳಲ್ಲಿ ಒಂದರ ಕತೆ ಮಾತ್ರ ನಮಗೆ ತಿಳಿದಿದೆ. ಉಳಿದವು ಏನಾದವೋ ಅಲ್ಲಾಹನೇ ಬಲ್ಲ. ಆ ಒಂದು ದೋಣಿಯ ಹೊಣೆ ಹೊತ್ತವನು ಎರಡನೆಯ ಅಧಿಕಾರಿ ರಿಚರ್ಡ್ ಏರ್ಸ್. ದೋಣಿಯಲ್ಲಿ 31 ಜನ, ಹೆಚ್ಚಿನವರು ಲಸ್ಕರರು. ಫೆಬ್ರವರಿಯ ಉತ್ತರ ಅಟ್ಲಾಂಟಿಕ್. ಚುಕ್ಕಾಣಿ ಮುರಿದಿತ್ತು. ಗಟ್ಟಿ ಬಿಸ್ಕತ್ತು, ಒಂದಿಷ್ಟು ಡಬ್ಬಿ ಹಾಲು, ಅಳೆದು ಕೊಡುವ ನೀರು. ಒಣಗಿದ ಬಾಯಲ್ಲಿ ಬಿಸ್ಕತ್ತು ಇಳಿಯುತ್ತಿರಲಿಲ್ಲ. ಹಾಯಿ ಕಟ್ಟಿ ಪೂರ್ವಕ್ಕೆ ಸಾಗಿದರು. ನಮ್ಮ ಕಡೆಯವರ ಮೈಮೇಲಿದ್ದ ಬಟ್ಟೆ ಆ ಚಳಿಯ ಬಟ್ಟೆಯಲ್ಲ. ಒದ್ದೆಯಾದ ಕೈಕಾಲು ಮರಗಟ್ಟಿದವು. ಒಬ್ಬೊಬ್ಬರಾಗಿ ಸತ್ತರು. ಬಾಯಾರಿಕೆ ತಾಳದೆ ಕೆಲವರು ಉಪ್ಪುನೀರು ಕುಡಿದರು. ಒಂದು ವಾರ ಕಳೆಯುವಷ್ಟರಲ್ಲಿ ನೀರು ಮುಗಿದಿತ್ತು. ಮಳೆ ಬಂದಾಗ ಹಾಯಿ ಬಟ್ಟೆಯಲ್ಲಿ ಹಿಡಿದದ್ದೇ ನೀರು.

ಹದಿಮೂರು ದಿನ. ದಿನಗಳನ್ನು ಬರೆದುಬಿಡುವುದು ಸುಲಭ. ಸತ್ತವರನ್ನು ಕಡಲಿಗೆ ಬಿಡಬೇಕಾದಾಗ ಬದುಕಿದ್ದವರಲ್ಲಿ ಯಾರಿಗೆ ಎತ್ತಿ ಬಿಡುವ ಶಕ್ತಿ ಇತ್ತು, ಕಲಿಮಾ ಹೇಳಲು ಯಾರ ನಾಲಗೆ ತಿರುಗುತ್ತಿತ್ತು? ಕತೆ ಬರೆಯುವ ನಮ್ಮಂಥವರಿಗೆ ಇಲ್ಲಿ ಏನೇನೋ ತುಂಬಿಸುವ ಆಸೆಯಾಗುತ್ತದೆ. ಬೇಡ. ಅಲ್ಲಿ ಆಡಿದ ಮಾತು ಬಂಗಾಳಿಯೋ, ಕೊಂಕಣಿಯೋ, ಹಿಂದೂಸ್ತಾನಿಯೋ, ಅದನ್ನು ದಡಕ್ಕೆ ತಂದು ಹೇಳಲು ಅವರಲ್ಲಿ ಒಬ್ಬನೂ ಉಳಿಯಲಿಲ್ಲ.

ಮಾರ್ಚ್ 1ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಲಿಜರ್ಡ್ ಎಂಬಲ್ಲಿ ದೋಣಿಗೆ ನೆಲ ಕಂಡಿತು. ಆಗ ಬದುಕಿದ್ದವರು ಕೈಬೆರಳಲ್ಲಿ ಎಣಿಸುವಷ್ಟು ಜನ. ಬಂಡೆಗಳ ನಡುವಿನ ಆ ಕೊಲ್ಲಿಯಲ್ಲಿ ಅಲೆಯೊಂದು ದೋಣಿಯನ್ನು ಮಗುಚಿತು. ದಡದಲ್ಲಿದ್ದ ಹುಡುಗಿಯರು ಕಂಡು ಸುದ್ದಿ ಮುಟ್ಟಿಸಿದರು. ಕರಾವಳಿ ಕಾವಲಿನವರು ನೀರಿಗಿಳಿದು ಎಳೆದು ತಂದವರಲ್ಲಿ ಜೀವ ಉಳಿದದ್ದು ಏರ್ಸ್ ಒಬ್ಬನದೇ. ಹದಿನೆಂಟು ವರ್ಷದ ವೈರ್‌ಲೆಸ್ ಹುಡುಗ ರಾಬರ್ಟ್ ಹ್ಯಾಂಪ್‌ಷೈರ್ ಅಷ್ಟು ದಿನ ತಡೆದುಕೊಂಡಿದ್ದವನು, ದಡದ ಮುಂದೆ ಸತ್ತ. ಹಡಗಿನಲ್ಲಿ ಹೊರಟಿದ್ದ ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಉಳಿದದ್ದು ಒಬ್ಬ.

ಏರ್ಸ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ದೋಣಿಯಲ್ಲಿದ್ದವರನ್ನು ಉಳಿಸಲು ಅವನು ಪಟ್ಟ ಪಾಡಿಗೆ ಸರ್ಕಾರ ಎಂಬಿಇ ಗೌರವ ಕೊಟ್ಟಿತು. 1992ರವರೆಗೆ ಬದುಕಿದ್ದ. ಬಿಳಿಯ ಅಧಿಕಾರಿಗಳೆಲ್ಲ ಹೀಗಿರಲಿಲ್ಲ. 1880ರಲ್ಲಿ ‘ಜೆದ್ದಾ’ ಎಂಬ ಹಡಗು ಒಂಬೈನೂರಕ್ಕೂ ಹೆಚ್ಚು ಹಜ್ ಯಾತ್ರಿಗಳನ್ನು ತುಂಬಿಕೊಂಡು ಅರಬ್ಬಿ ಕಡಲಿನತ್ತ ಬರುವಾಗ ಒಳಕ್ಕೆ ನೀರು ನುಗ್ಗಿತು. ಕ್ಯಾಪ್ಟನ್ ಮತ್ತು ಅವನ ಬಿಳಿಯ ಅಧಿಕಾರಿಗಳು ಯಾತ್ರಿಗಳನ್ನು ಹಾಗೇ ಬಿಟ್ಟು ದೋಣಿ ಹತ್ತಿ ಹೋದರು. ಹಡಗು ಮುಳುಗಿತೆಂದು ಏಡನ್‌ನಲ್ಲಿ ವರದಿಯನ್ನೂ ಒಪ್ಪಿಸಿದರು. ಹಡಗು ಮುಳುಗಿರಲಿಲ್ಲ. ಇನ್ನೊಂದು ಹಡಗು ಅದನ್ನು ಎಳೆದುಕೊಂಡು ಏಡನ್‌ಗೇ ಬಂತು! ಕ್ಯಾಪ್ಟನ್ನನಿಗೆ ಆದ ಶಿಕ್ಷೆ ಮೂರು ವರ್ಷ ಲೈಸೆನ್ಸ್ ಅಮಾನತು. ಜೋಸೆಫ್ ಕಾನ್ರಾಡ್‌ನ ‘ಲಾರ್ಡ್ ಜಿಮ್’ ಕಾದಂಬರಿ ಹುಟ್ಟಿದ್ದು ಈ ಘಟನೆಯಿಂದ. ಅಂಥ ಚರಿತ್ರೆಯ ನಡುವೆ ಏರ್ಸ್‌ನಂಥವನೂ ಇದ್ದ ಎನ್ನುವುದನ್ನು ಮರೆಯಬಾರದು.

ಅದೇ ಕಂಪನಿಯ ಇನ್ನೆರಡು ಹಡಗುಗಳ ಸುದ್ದಿಯನ್ನೂ ಇಲ್ಲಿ ಸೇರಿಸಬೇಕು. 1942ರ ನವೆಂಬರ್ 23ರಂದು ಮುಂಬಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ‘ತಿಲಾವಾ’ ಪ್ರಯಾಣಿಕರ ಹಡಗನ್ನು ಜಪಾನಿನ ಜಲಾಂತರ್ಗಾಮಿ ಮುಳುಗಿಸಿದಾಗ 280 ಜನ ಸತ್ತರು. ಅದನ್ನು ಭಾರತದ ಟೈಟಾನಿಕ್ ಎನ್ನುವವರಿದ್ದಾರೆ. 1961ರ ಏಪ್ರಿಲ್ 8ರಂದು ದುಬೈ ಬಳಿ ಸ್ಫೋಟಗೊಂಡ ‘ದಾರಾ’ದಲ್ಲಿ 238 ಜನ. ಕೊಲ್ಲಿಯ ಹಾದಿ ತುಳಿದ ಕುಟುಂಬಗಳು ವಿಮಾನಕ್ಕೆ ಮೊದಲು ಹತ್ತಿದ್ದು ಇಂಥ ಹಡಗುಗಳನ್ನೇ. ತಿಲಾವಾದಲ್ಲೂ ಬೆಳ್ಳಿ ಇತ್ತು. 2017ರಲ್ಲಿ ಅದನ್ನು ಮೇಲೆತ್ತಿದರು. ಆ ಬೆಳ್ಳಿಯ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರದ ಪರವಾಗಿ ತೀರ್ಪಾಯಿತು.

ಗೈರ್ಸೊಪ್ಪಾವನ್ನೂ ಜಗತ್ತು ನೆನಪಿಸಿಕೊಂಡದ್ದು ಬೆಳ್ಳಿಯಿಂದಲೇ. ಒಡಿಸ್ಸಿ ಮರೀನ್ ಎಂಬ ಅಮೆರಿಕದ ಕಂಪನಿ ಬ್ರಿಟಿಷ್ ಸರ್ಕಾರದೊಂದಿಗೆ ಕರಾರು ಮಾಡಿಕೊಂಡು 2011ರಲ್ಲಿ ಹಡಗನ್ನು ಹುಡುಕಿತು. ಆಳ ಸುಮಾರು 4,700 ಮೀಟರ್. ಟೈಟಾನಿಕ್ ಇರುವುದು 3,800 ಮೀಟರ್ ಆಳದಲ್ಲಿ. ಮನುಷ್ಯ ಇಳಿಯಲಾಗದ ಆ ಕತ್ತಲಿಗೆ ಯಂತ್ರಗಳನ್ನು ಇಳಿಸಿ 2012ರಲ್ಲಿ 1,218 ಗಟ್ಟಿ, 2013ರಲ್ಲಿ 1,574 ಗಟ್ಟಿ ಬೆಳ್ಳಿ ಎತ್ತಿದರು. ಒಟ್ಟು 2,792 ಗಟ್ಟಿ, ತೂಕ ಸುಮಾರು 110 ಟನ್. ಒಪ್ಪಂದದ ಪ್ರಕಾರ ಐದರಲ್ಲಿ ನಾಲ್ಕು ಪಾಲು ಕಂಪನಿಗೆ, ಒಂದು ಪಾಲು ಬ್ರಿಟಿಷ್ ಸರ್ಕಾರಕ್ಕೆ. ಗಟ್ಟಿಗಳ ಎಣಿಕೆಯಲ್ಲಿ ಒಂದೂ ತಪ್ಪಿಲ್ಲ. ಸತ್ತವರ ಸಂಖ್ಯೆಯೋ, ಒಂದು ಕಡೆ 84, ಇನ್ನೊಂದು ಕಡೆ 85.

ಆ ಬೆಳ್ಳಿಯಿಂದ ಬ್ರಿಟನ್ನಿನ ಟಂಕಸಾಲೆ 2014ರಲ್ಲಿ ನಾಣ್ಯಗಳನ್ನು ಟಂಕಿಸಿತು. ಒಂದು ಮುಖದಲ್ಲಿ ರಾಣಿ ಎಲಿಜಬೆತ್, ಇನ್ನೊಂದರಲ್ಲಿ ಬ್ರಿಟಾನಿಯಾ. ನಾಣ್ಯದ ಅಂಚಿನ ಮೇಲೆ, ಬೆರಳು ಸವರಿದರೆ ಸಿಗುವಂತೆ, ಹಡಗಿನ ಹೆಸರು ಕೊರೆದಿದ್ದಾರೆ. ಶರಾವತಿ ದಂಡೆಯ ಊರಿನ ಹೆಸರು ಹಾಗೆ ಸಂಗ್ರಹಕಾರರ ಪೆಟ್ಟಿಗೆ ಸೇರಿತು. ಗೇರುಸೊಪ್ಪೆಯಲ್ಲಿ ಇದು ಎಷ್ಟು ಜನಕ್ಕೆ ಗೊತ್ತಿದೆಯೋ!

ಬೆಳ್ಳಿಯ ಜೊತೆ ಇನ್ನೊಂದು ವಸ್ತು ಮೇಲೆ ಬಂತು, ನಮ್ಮ ಕಣ್ಣಿಗೆ ಬೆಳ್ಳಿಗಿಂತ ದೊಡ್ಡದು. ಏಳುನೂರಕ್ಕೂ ಹೆಚ್ಚು ಪತ್ರಗಳು. ಬೆಳಕು ಮತ್ತು ಗಾಳಿ ತಾಗದೆ, ಕೆಸರಿನಡಿ ಸಿಕ್ಕಿಕೊಂಡು, ಎಪ್ಪತ್ತು ವರ್ಷ ನೀರಿನಲ್ಲಿದ್ದೂ ಕಾಗದ ಕರಗಿರಲಿಲ್ಲ. ಓದಲು ಬರುವಷ್ಟು ಅಕ್ಷರ ಉಳಿದಿತ್ತು. ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ 2018ರಲ್ಲಿ ಅವನ್ನು ಪ್ರದರ್ಶನಕ್ಕಿಟ್ಟಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು, ವ್ಯಾಪಾರಿಗಳು, ಮಿಷನರಿಗಳು ತಮ್ಮ ಮನೆಗಳಿಗೆ ಬರೆದ ಕಾಗದಗಳು. ಲಸ್ಕರರ ಕಾಗದ ಆ ಚೀಲಗಳಲ್ಲಿ ಇರುವುದು ಸಾಧ್ಯವಿರಲಿಲ್ಲ. ಅಂಚೆ ಹೋಗುತ್ತಿದ್ದುದು ಇಂಗ್ಲೆಂಡಿಗೆ, ಅವರ ಮನೆಗಳಿದ್ದುದು ಹಡಗು ಬಿಟ್ಟು ಬಂದ ದಿಕ್ಕಿನಲ್ಲಿ.

ಕುಬಟೂರಿಗೆ ಬಂದವರು ಕೈಟಭೇಶ್ವರ ದೇವಾಲಯ ನೋಡಿಕೊಂಡು ಹೋಗುತ್ತಾರೆ. ಚಾಲುಕ್ಯರ ಕಾಲದ ಆ ಗುಡಿಯ ಕಂಬಗಳು ನೋಡುವಂಥವೇ. ಆದರೆ ಸೊರಬ ತಾಲೂಕಿನ ನಿಜವಾದ ಸಂಪತ್ತು ಊರೂರಿನ ವೀರಗಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಪಟ್ಟಿಗಳ ನಡುವಿನ ಬರಹದಲ್ಲಿ ಅವನ ಹೆಸರು, ಊರು, ಆಗ ಆಳುತ್ತಿದ್ದ ಅರಸ. ಎಷ್ಟೋ ಕಲ್ಲುಗಳು ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯರವು. ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ ಪ್ರಕಟಿಸಿದಾಗ ನಮ್ಮ ತಾಲೂಕಿನ ಶಾಸನಗಳು ಅದರಲ್ಲಿ ನೂರುಗಟ್ಟಲೆ ಸೇರಿದವು. ಹೀಗಾಗಿ ಸಾವಿರ ವರ್ಷದ ಹಿಂದೆ ಇಲ್ಲಿ ಹಸು ಕಾಯ್ದು ಸತ್ತವನ ಹೆಸರನ್ನು ನಾವು ಇಂದೂ ಹೇಳಬಲ್ಲೆವು.

ಎರಡನೆಯ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ವ್ಯಾಪಾರಿ ನಾವಿಕರಿಗೆ ಲಂಡನ್ನಿನ ಟವರ್ ಹಿಲ್‌ನಲ್ಲಿ ಸ್ಮಾರಕವಿದೆ. ಗೋರಿಯೇ ಇಲ್ಲದ ಸುಮಾರು 24 ಸಾವಿರ ಜನರ ಹೆಸರುಗಳು ಅಲ್ಲಿ ಹಡಗಿನ ಪ್ರಕಾರ ಕಂಚಿನ ಫಲಕಗಳ ಮೇಲಿವೆ. ಗೈರ್ಸೊಪ್ಪಾ ಎಂಬ ಶೀರ್ಷಿಕೆಯ ಕೆಳಗೆ ಅದರ ಬಿಳಿಯ ಸಿಬ್ಬಂದಿ ಇದ್ದಾರೆ. ಅವರ ಜೊತೆ ಅದೇ ರಾತ್ರಿ, ಅದೇ ದೋಣಿಗಳಲ್ಲಿ ಸತ್ತ ಲಸ್ಕರರು ಆ ಫಲಕದಲ್ಲಿಲ್ಲ. ಯುದ್ಧದಲ್ಲಿ ಸತ್ತ ಭಾರತದ ವ್ಯಾಪಾರಿ ನಾವಿಕರು ಸುಮಾರು ಆರು ಸಾವಿರ. ಅವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದು ಎರಡು ಪ್ರತಿ ಮಾಡಲಾಯಿತು. ಒಂದನ್ನು ಚಿತ್ತಗಾಂಗಿನ ಯುದ್ಧ ಸ್ಮಶಾನದಲ್ಲಿ, ಇನ್ನೊಂದನ್ನು ಮುಂಬಯಿಯ ಮಸೀದಿ ಬಂದರಿನ ನಾವಿಕರ ವಸತಿಗೃಹದಲ್ಲಿ ಇರಿಸಿದರು.

ನೀರಿನಲ್ಲಿ ಮುಳುಗಿ ಸತ್ತವನೂ ಶಹೀದನೇ ಎಂದು ಮನೆಯ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮುಂದಿನ ಸಲ ಮುಂಬಯಿಗೆ ಹೋದಾಗ ಮಸೀದಿ ಬಂದರಿಗೆ ಹೋಗಿ, ಆ ಪುಸ್ತಕದಲ್ಲಿ ಗೈರ್ಸೊಪ್ಪಾದ ಖಲಾಸಿಗಳನ್ನು ಹುಡುಕಿ, ಹೆಸರುಗಳನ್ನು ಬರೆದುಕೊಂಡು ಬರಬೇಕೆಂದಿದ್ದೇವೆ.